ಬಾಡಿ ರೆಡಿ, ಇಂಜಿನ್ ಎಲ್ಲಿ? ಕುರ್ಟ್ ಟ್ಯಾಂಕ್ ಎಂಬ ವಿಮಾನಗಾರನ ಕಥೆ

ಮೆಕ್ಯಾನಿಕಲ್ ಬ್ರಾಂಚಿನ ನಾಲ್ಕು ಜನ ಒಂದು ಕಡೆ ಕೂತರೆ ಒಂದು ಮಾತು ಬಂದೇ ಬರ್ತದ: ನಾವೇ ಒಂದು ಸ್ಪೋರ್ಟ್ಸ್ ಕಾರ್ ಕಟ್ಟೋಣ. ಹೊಸ ಡಿಸೈನ್ ಏನೂ ಬೇಡ, ಹಳೇ ಕೋಬ್ರಾ ಇಲ್ಲಾ ಲೋಟಸ್ ಸೆವೆನ್ ಕಾರಿನ ರೆಪ್ಲಿಕಾ ಸಾಕು. ಬಾಡಿಗೆ ಫೈಬರ್‌ಗ್ಲಾಸ್ ಅದ. ಚಾಸಿಗೆ ಚೌಕ ಪೈಪ್ ಅದ. ವೆಲ್ಡಿಂಗ್ ಮಾಡೋ ಅಣ್ಣಂದಿರು ಯಾದಗಿರಿಯಿಂದ ಹಿಡಿದು ಶಹಾಪುರ, ಸುರಪುರದ ಟ್ರ್ಯಾಕ್ಟರ್ ಗ್ಯಾರೇಜ್ ತನಕ ಎಲ್ಲಾ ಕಡೆ ಇದ್ದಾರ. ಪೇಂಟು, ಸೀಟು, ಸ್ಟೇರಿಂಗ್ ಎಲ್ಲದರ ಲೆಕ್ಕನೂ ಆಗ್ತದ. ಆಮೇಲೆ ಯಾರೋ ಒಬ್ಬರು ಇಂಜಿನ್ ಯಾವುದು ಅಂತ ಕೇಳ್ತಾರ. ಅಲ್ಲಿಗೆ ಮಾತು ನಿಂತುಬಿಡ್ತದ.

ಯಾಕಂದ್ರ ಒರಿಜಿನಲ್ ಕೋಬ್ರಾದಲ್ಲಿ ಇದ್ದದ್ದು ದೊಡ್ಡ ವಿ8 ಇಂಜಿನ್. ನಮಗೆ ಕೈಗೆಟುಕೋದು ಗುಜರಿಯಲ್ಲಿ ಸಿಗುವ 800 ಸಿಸಿ, ಮೂರು ಸಿಲಿಂಡರಿನ ಇಂಜಿನ್. ನಮ್ಮ ಕಡೆ ಮೊಹರಂ ಹಬ್ಬಕ್ಕೆ ಹುಲಿ ವೇಷ ಹಾಕ್ತಾರಲ್ಲ, ಹಂಗೆ. ಬಣ್ಣ, ಪಟ್ಟೆ, ಬಾಲ ಎಲ್ಲಾ ಚೆಂದ ಇರ್ತದ, ಆದ್ರೆ ಒಳಗಿರೋದು ನಮ್ಮ ಓಣಿ ಹುಡುಗನೇ. ಸರಿ, ದೊಡ್ಡ ಇಂಜಿನ್ ನಾವೇ ಕಟ್ಟೋಣ ಅಂದ್ರ, ಸಿಲಿಂಡರ್ ಬ್ಲಾಕ್ ಎಲ್ಲಿ ಎರಕ ಹೊಯ್ಯಿಸೋದು, ಕ್ರ್ಯಾಂಕ್‌ಶಾಫ್ಟ್ ಯಾರು ಬ್ಯಾಲೆನ್ಸ್ ಮಾಡಿಕೊಡ್ತಾರ, ಎಷ್ಟು ಸಲ ಒಡೆದು ಎಷ್ಟು ಸಲ ಕಟ್ಟಬೇಕು ಅನ್ನೋದು ಯಾರಿಗೂ ಗೊತ್ತಿರೋದಿಲ್ಲ.

ಇದು ಬರೀ ಹುಡುಗರ ಕಷ್ಟ ಅಂದ್ಕೋಬ್ಯಾಡ್ರಿ. ಸುಮಾರು ಅರವತ್ತು ವರ್ಷದ ಹಿಂದೆ ನಮ್ಮದೇ ಬೆಂಗಳೂರಿನಲ್ಲಿ ಇಡೀ ದೇಶಕ್ಕೆ ಇದೇ ಕಷ್ಟ ಬಂದಿತ್ತು. ಆಗ ಕಟ್ಟುತ್ತಿದ್ದದ್ದು ಕಾರ್ ಅಲ್ಲ, ಯುದ್ಧವಿಮಾನ. ಅದರ ಹೆಸರು ಎಚ್‌ಎಫ್-24 ಮರುತ್. ಕಟ್ಟಿಸಿದವನು ಜರ್ಮನಿಯಿಂದ ಬಂದ ಕುರ್ಟ್ ಟ್ಯಾಂಕ್. ಅವನ ಜೀವನವನ್ನು ಓದಿದಾಗ ನಮಗೆ ಕಂಡದ್ದು ಒಂದೇ: ಈ ಮನುಷ್ಯ ಜೀವನಪೂರ್ತಿ ಒಳ್ಳೊಳ್ಳೆಯ ಬಾಡಿ ಮಾಡಿದ, ಮತ್ತು ಜೀವನಪೂರ್ತಿ ಬೇರೆಯವರ ಇಂಜಿನ್ನಿಗೆ ಕಾದ. ಅದಕ್ಕೇ ಅವನ ಕಥೆಯನ್ನು ಈ ಸಲದ ಸಂಚಿಕೆಗೆ ಬರೆಯಬೇಕು ಅನಿಸಿತು.

ಕುದುರೆ ಸವಾರ ಇಂಜಿನಿಯರ್ ಆದದ್ದು

ಕುರ್ಟ್ ಟ್ಯಾಂಕ್ ಹುಟ್ಟಿದ್ದು 1898ರ ಫೆಬ್ರವರಿ 24ರಂದು, ಬ್ರೊಂಬರ್ಗ್ ಎಂಬ ಊರಿನಲ್ಲಿ. ಆಗ ಅದು ಜರ್ಮನಿಯಲ್ಲಿತ್ತು, ಈಗ ಪೋಲೆಂಡಿನಲ್ಲಿದೆ, ಹೆಸರು ಬಿಡ್‌ಗೋಶ್ಚ್. ಮೊದಲನೇ ಮಹಾಯುದ್ಧದಲ್ಲಿ ಅವನು ಅಶ್ವದಳದಲ್ಲಿ ಸೈನಿಕನಾಗಿದ್ದ. ಯುದ್ಧ ಮುಗಿದ ಮೇಲೆ ಬರ್ಲಿನ್‌ನ ತಾಂತ್ರಿಕ ವಿಶ್ವವಿದ್ಯಾಲಯ ಸೇರಿದ. ಅವನ ಬ್ರಾಂಚ್ ಏರೋನಾಟಿಕಲ್ ಅಲ್ಲ, ಎಲೆಕ್ಟ್ರಿಕಲ್. ಬ್ರಾಂಚ್ ತಪ್ಪು ತಗೊಂಡ್ವಿ ಅಂತ ಮೊದಲನೇ ವರ್ಷದಿಂದ ತಲೆ ಮೇಲೆ ಕೈ ಹೊತ್ತು ಕೂತವರು ಇದನ್ನು ಒಂಚೂರು ನೆನಪಿಡ್ರಿ.

ವಿಮಾನದ ಹುಚ್ಚು ಹಿಡಿದದ್ದು ಅಲ್ಲಿನ ವಿದ್ಯಾರ್ಥಿಗಳ ಗ್ಲೈಡರ್ ಕ್ಲಬ್ಬಿನಲ್ಲಿ. ಯುದ್ಧದಲ್ಲಿ ಸೋತ ಜರ್ಮನಿಗೆ ಇಂಜಿನ್ ಇರುವ ವಿಮಾನ ಕಟ್ಟಲು ಆಗ ಬಿಗಿಯಾದ ನಿರ್ಬಂಧಗಳಿದ್ದವು. ಹಂಗಾಗಿ ಹುಡುಗರು ಇಂಜಿನ್ ಇಲ್ಲದ ಗ್ಲೈಡರ್ ಕಟ್ಟಿ ಹಾರಿಸುತ್ತಿದ್ದರು. ಅಂದ್ರೆ ಟ್ಯಾಂಕ್ ವಿಮಾನವಿದ್ಯೆ ಕಲಿತದ್ದೇ ಇಂಜಿನ್ ಇಲ್ಲದೆ.

ಓದು ಮುಗಿಸಿ ರೋರ್‌ಬಾಖ್ ಎಂಬ ಕಂಪನಿ ಸೇರಿ ಲೋಹದ ವಿಮಾನಗಳ ಕೆಲಸ ಕಲಿತ. ವಿಮಾನ ಹಾರಿಸುವುದನ್ನೂ ಕಲಿತ. 1931ರಲ್ಲಿ ಬ್ರೆಮೆನ್ ನಗರದ ಫೋಕ್-ವುಲ್ಫ್ ಕಂಪನಿಗೆ ಬಂದ. ಅಲ್ಲಿ ಅವನು ಡಿಸೈನ್ ವಿಭಾಗದ ಮುಖ್ಯಸ್ಥ, ಜೊತೆಗೆ ಟೆಸ್ಟ್ ಪೈಲಟ್. ತಾನು ಮಾಡಿದ ವಿಮಾನವನ್ನು ತಾನೇ ಹಾರಿಸಿ ನೋಡುತ್ತಿದ್ದ. ಡ್ರಾಯಿಂಗ್ ಬೋರ್ಡಿನ ಮೇಲೆ ಮಾಡಿದ ತಪ್ಪಿಗೆ ಶಿಕ್ಷೆ ತನ್ನ ಕುತ್ತಿಗೆಗೇ ಬರ್ತದ ಅಂತ ಗೊತ್ತಿದ್ದವನು ಎಷ್ಟು ಎಚ್ಚರಿಕೆಯಿಂದ ಗೆರೆ ಎಳೆದಿರಬೇಕು!

1937ರಲ್ಲಿ ಅವನ ತಂಡದ ನಾಲ್ಕು ಇಂಜಿನ್ನಿನ ಪ್ರಯಾಣಿಕ ವಿಮಾನ ಎಫ್‌ಡಬ್ಲ್ಯು 200 ಕಾಂಡೋರ್ ಹಾರಿತು. ಮರುವರ್ಷ ಆಗಸ್ಟ್‌ನಲ್ಲಿ ಅಂಥದ್ದೇ ಒಂದು ವಿಮಾನ ಬರ್ಲಿನ್‌ನಿಂದ ನ್ಯೂಯಾರ್ಕಿಗೆ ಎಲ್ಲೂ ಇಳಿಯದೆ ಸುಮಾರು 25 ಗಂಟೆಯಲ್ಲಿ ಹೋಗಿ ಮುಟ್ಟಿತು. ಟ್ಯಾಂಕ್ ಹೆಸರು ಜಗತ್ತಿಗೆ ಗೊತ್ತಾಯಿತು.

ಬೇಡವಾದ ಇಂಜಿನ್ ಎತ್ತಿಕೊಂಡವನು

ಇಲ್ಲಿಂದ ನಮ್ಮ ಇಂಜಿನ್ ಕಥೆ ಶುರು. ಜರ್ಮನಿಯಲ್ಲಿ ಆಗ ಫೈಟರ್ ಅಂದ್ರೆ ಮೆಸ್ಸರ್‌ಶ್ಮಿಟ್ 109. ಅದಕ್ಕೆ ಡೈಮ್ಲರ್-ಬೆಂಜ್ ಕಂಪನಿಯ ನೀರು ತಂಪಿನ ವಿ12 ಇಂಜಿನ್. ಮೂಗು ಚೂಪು, ಗಾಳಿಯ ತಡೆ ಕಡಿಮೆ. ಎರಡನೇ ಫೈಟರ್ ಒಂದು ಬೇಕು ಅಂತ ಸರಕಾರ ಟ್ಯಾಂಕ್‌ನನ್ನು ಕೇಳಿದಾಗ ಆ ಇಂಜಿನ್‌ಗಳೆಲ್ಲ ಆಗಲೇ ಮೆಸ್ಸರ್‌ಶ್ಮಿಟ್ಟಿಗೆ ಮೀಸಲಾಗಿದ್ದವು. ಒಳ್ಳೇ ಇಂಜಿನ್ ಬೇರೆಯವರ ಪಾಲಾಗಿತ್ತು.

ಟ್ಯಾಂಕ್ ಬಿಎಂಡಬ್ಲ್ಯು ಕಂಪನಿಯ ಗಾಳಿ ತಂಪಿನ ರೇಡಿಯಲ್ ಇಂಜಿನ್ ಎತ್ತಿಕೊಂಡ. ರೇಡಿಯಲ್ ಅಂದ್ರೆ ಸಿಲಿಂಡರ್‌ಗಳು ಸೂರ್ಯನ ಕಿರಣದ ಹಾಗೆ ಸುತ್ತಲೂ ಇರುವ ಇಂಜಿನ್. ಅಗಲ ಜಾಸ್ತಿ, ಮೂಗು ದಪ್ಪ. ವೇಗದ ಫೈಟರಿಗೆ ಇದು ಆಗೋದಿಲ್ಲ ಅಂತ ಆಗ ಯುರೋಪಿನ ಬಹಳ ಮಂದಿ ನಂಬಿದ್ದರು. ಟ್ಯಾಂಕ್ ಲೆಕ್ಕ ಬೇರೆ ಇತ್ತು. ಅವನು ಅಶ್ವದಳದಲ್ಲಿ ಇದ್ದವನಲ್ಲವೇ? ರೇಸ್ ಕುದುರೆ ಚೆಂದ ಓಡ್ತದ, ಆದ್ರೆ ಯುದ್ಧಕ್ಕೆ ಬೇಕಾದದ್ದು ಕೆಸರಿನಲ್ಲೂ ನಿಲ್ಲುವ, ಸಿಕ್ಕಿದ್ದನ್ನು ತಿಂದು ಬದುಕುವ ಗಟ್ಟಿ ಕುದುರೆ ಅನ್ನೋದು ಅವನ ನಂಬಿಕೆ. ಅದಕ್ಕೆ ವಿಮಾನದ ಚಕ್ರಗಳನ್ನು ಅಗಲಕ್ಕೆ ಇಟ್ಟ, ಒರಟು ನೆಲದಲ್ಲೂ ಇಳಿಯಲಿ ಅಂತ. ಒಂದು ಗುಂಡು ರೇಡಿಯೇಟರಿಗೆ ಬಿದ್ದರೆ ನೀರು ತಂಪಿನ ಇಂಜಿನ್ ಕೆಲವೇ ನಿಮಿಷದಲ್ಲಿ ಸುಟ್ಟುಹೋಗ್ತದ. ಗಾಳಿ ತಂಪಿನದಕ್ಕೆ ಆ ಚಿಂತೆ ಇಲ್ಲ.

1939ರ ಜೂನ್ 1ರಂದು ಎಫ್‌ಡಬ್ಲ್ಯು 190 ಮೊದಲ ಸಲ ಹಾರಿತು. ಹಾರಿದ್ದು ಸರಿ, ಆದರೆ ಇಂಜಿನ್ ಕೆಂಡದ ಹಾಗೆ ಕಾಯುತ್ತಿತ್ತು, ಕಾಕ್‌ಪಿಟ್‌ನಲ್ಲಿ ಕೂಡೋಕೆ ಆಗುತ್ತಿರಲಿಲ್ಲ. ಅಷ್ಟರಲ್ಲಿ ಬಿಎಂಡಬ್ಲ್ಯು ಆ ಮಾಡೆಲ್ಲನ್ನೇ ಕೈಬಿಟ್ಟು 801 ಎಂಬ ಹೊಸ ಇಂಜಿನ್ ಕೊಟ್ಟಿತು. ಎರಡು ಸಾಲಿನಲ್ಲಿ 14 ಸಿಲಿಂಡರ್, ಸುಮಾರು 42 ಲೀಟರ್ ಗಾತ್ರ, 1,500ಕ್ಕೂ ಹೆಚ್ಚು ಅಶ್ವಶಕ್ತಿ. ನಮ್ಮ 800 ಸಿಸಿ ಇಂಜಿನ್‌ಗಳನ್ನು ಐವತ್ತಕ್ಕೂ ಹೆಚ್ಚು ಜೋಡಿಸಿದರೆ ಆ ಗಾತ್ರ ಆಗ್ತದ. ಆದರೆ ಅದು ಹಳೆಯದಕ್ಕಿಂತ ಭಾರ, ಉದ್ದನೂ ಜಾಸ್ತಿ. ಇಂಜಿನ್ ಬದಲಾಯಿಸಿದರೆ ಬರೀ ನಾಲ್ಕು ಬೋಲ್ಟ್ ಬದಲಾಯಿಸಿದಂಗಲ್ಲ. ತೂಕದ ಮಧ್ಯಬಿಂದು ಸರೀತದ, ಮೌಂಟಿಂಗ್ ಬದಲಾಗ್ತದ, ತಂಪು ಮಾಡುವ ದಾರಿ ಬದಲಾಗ್ತದ. ಟ್ಯಾಂಕ್ ತಂಡ ಕಾಕ್‌ಪಿಟ್ಟನ್ನೇ ಹಿಂದಕ್ಕೆ ಸರಿಸಿತು. ಇಂಜಿನ್ ಮುಂದೆ 12 ರೆಕ್ಕೆಯ ಒಂದು ಫ್ಯಾನ್ ಕೂಡಿಸಿ ಸಿಲಿಂಡರ್‌ಗಳ ಮೇಲೆ ಗಾಳಿ ನುಗ್ಗಿಸಿದರು. ಆಮೇಲೂ ಕಾಯುವ ಕಾಟ ಬಹಳ ತಿಂಗಳು ಬಿಡಲಿಲ್ಲ. ಸಣ್ಣಪುಟ್ಟ ಬದಲಾವಣೆ ಮಾಡಿ ಮಾಡಿ ಕೊನೆಗೆ ಅದನ್ನು ಹಾದಿಗೆ ತಂದರು.

ಆ ಇಂಜಿನ್ನಿನಲ್ಲಿ ಇನ್ನೊಂದು ಚಮತ್ಕಾರ ಇತ್ತು. ಪೈಲಟ್ ಒಂದೇ ಲಿವರ್ ತಳ್ಳಿದರೆ ಸಾಕು. ಪ್ರೊಪೆಲ್ಲರಿನ ಕೋನ, ಇಂಧನದ ಮಿಶ್ರಣ, ಇಗ್ನಿಷನ್ ಟೈಮಿಂಗ್ ಎಲ್ಲವನ್ನೂ ಒಂದು ಯಂತ್ರವೇ ಹೊಂದಿಸಿಕೊಳ್ಳುತ್ತಿತ್ತು. ಇವತ್ತು ನಮ್ಮ ಬೈಕಿನ ಇಸಿಯು ಚಿಪ್ ಮಾಡುವ ಕೆಲಸವನ್ನು ಅವರು ಆಗ ಎಣ್ಣೆ ಒತ್ತಡ, ಲಿವರ್, ಗೇರ್‌ಗಳಿಂದ ಮಾಡಿಸಿದ್ದರು.

1941ರಲ್ಲಿ ಈ ವಿಮಾನ ಯುದ್ಧಕ್ಕೆ ಇಳಿದಾಗ ಬ್ರಿಟಿಷರ ಆಗಿನ ಸ್ಪಿಟ್‌ಫೈರ್ ಇದರ ಮುಂದೆ ಹಿಂದೆ ಬಿತ್ತು. ಯುದ್ಧ ಮುಗಿಯುವ ಹೊತ್ತಿಗೆ 20,000ದಷ್ಟು ಎಫ್‌ಡಬ್ಲ್ಯು 190ಗಳು ತಯಾರಾಗಿದ್ದವು. ಕೊನೆಕೊನೆಗೆ ಟ್ಯಾಂಕ್ ಅದಕ್ಕೆ ಬಾಂಬರ್‌ಗಳಿಗೆ ಹಾಕುತ್ತಿದ್ದ ಯುಂಕರ್ಸ್ ಇಂಜಿನ್ ಕೂಡಿಸಿದ. ಮುಂದೆ ಬಂದ ಟಿಎ 152 ವಿಮಾನಕ್ಕೆ ಅವನ ಹೆಸರಿನ ಮೊದಲ ಎರಡು ಅಕ್ಷರಗಳನ್ನೇ ಇಟ್ಟರು.

ಮುಚ್ಚಿಡಬಾರದ ಪುಟ

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋದರೆ ತಪ್ಪಾಗ್ತದ. ಟ್ಯಾಂಕ್ ಇಷ್ಟೆಲ್ಲಾ ಮಾಡಿದ್ದು ಹಿಟ್ಲರನ ಸರಕಾರಕ್ಕೆ. ಆ ವಿಮಾನಗಳು ಹಾರಿದ್ದು ಯುರೋಪನ್ನು ಆಕ್ರಮಿಸಿದ, ಲಕ್ಷಾಂತರ ಯಹೂದಿಗಳನ್ನು ಕೊಂದ ಆಡಳಿತದ ಪರವಾಗಿ. ಯುದ್ಧದ ವರ್ಷಗಳಲ್ಲಿ ಜರ್ಮನಿಯ ವಿಮಾನ ಕಾರ್ಖಾನೆಗಳಲ್ಲಿ ಬೇರೆ ದೇಶಗಳಿಂದ ಬಲವಂತವಾಗಿ ಹಿಡಿದು ತಂದ ಜನ ದುಡಿದರು. ಫೋಕ್-ವುಲ್ಫ್ ಕೂಡ ಅದಕ್ಕೆ ಹೊರತಲ್ಲ. ವಿಮಾನ ಚೆಂದ ಇದ್ದದ್ದು ನಿಜ, ಅದು ಯಾರಿಗಾಗಿ ಹಾರಿತು ಅನ್ನೋದೂ ನಿಜ. ಟ್ಯಾಂಕ್‌ನನ್ನು ಮೆಚ್ಚುವವರು ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ಮೆಚ್ಚಬೇಕು.

ಹೆಸರು ಬದಲಾಯಿಸಿ ಅರ್ಜೆಂಟೀನಾಕ್ಕೆ

ಜರ್ಮನಿ ಸೋತಿತು. ವಿಮಾನ ಕಟ್ಟುವಂತಿಲ್ಲ. ಟ್ಯಾಂಕ್ 1947ರಲ್ಲಿ ಪೆಡ್ರೊ ಮಥೀಸ್ ಎಂಬ ಬೇರೆ ಹೆಸರಿನಲ್ಲಿ ಅರ್ಜೆಂಟೀನಾ ಸೇರಿದ. ಹಳೇ ತಂಡದ ಎಷ್ಟೋ ಜನ ಅವನ ಹಿಂದೆ ಬಂದರು. ಅಧ್ಯಕ್ಷ ಪೆರೋನ್‌ಗೆ ತನ್ನ ದೇಶದ್ದೇ ಜೆಟ್ ವಿಮಾನ ಬೇಕಿತ್ತು. ಕೊರ್ಡೊಬಾ ನಗರದಲ್ಲಿ ಟ್ಯಾಂಕ್ ಪುಲ್ಕಿ-2 ಎಂಬ ಜೆಟ್ ಫೈಟರ್ ಕಟ್ಟಿದ. ಹಿಂದಕ್ಕೆ ಬಾಗಿದ ರೆಕ್ಕೆ, ಎತ್ತರದ ಬಾಲ. ಮೊದಲು ಇಂಜಿನ್ ಇಲ್ಲದ ಗ್ಲೈಡರ್ ಮಾಡಿ ಹಾರಿಸಿ ನೋಡಿ, ಆಮೇಲೆ 1950ರ ಜೂನ್‌ನಲ್ಲಿ ಇಂಜಿನ್ ಸಮೇತ ಹಾರಿಸಿದರು. ಇಂಜಿನ್ ಯಾರದು? ಬ್ರಿಟನ್ನಿನ ರೋಲ್ಸ್-ರಾಯ್ಸ್ ಕಂಪನಿಯ ನೀನ್. ಐದು ವರ್ಷದ ಹಿಂದೆ ಶತ್ರು ಆಗಿದ್ದವರ ಇಂಜಿನ್ ಈಗ ಅವನ ವಿಮಾನದ ಹೊಟ್ಟೆಯಲ್ಲಿ. ವಯಸ್ಸು 50 ದಾಟಿದ್ದರೂ ಟ್ಯಾಂಕ್ ಆ ವಿಮಾನವನ್ನು ತಾನೂ ಹಾರಿಸಿದ.

ಪರೀಕ್ಷಾ ಹಾರಾಟಗಳಲ್ಲಿ ಪೈಲಟ್‌ಗಳು ಸತ್ತರು, ದೇಶದ ಹಣ ಬತ್ತಿತು, 1955ರಲ್ಲಿ ಪೆರೋನ್ ಸರಕಾರವೇ ಬಿತ್ತು. ಪುಲ್ಕಿ-2 ಕೆಲವು ಪ್ರೊಟೊಟೈಪ್‌ಗಳಲ್ಲೇ ನಿಂತುಹೋಯಿತು. ಟ್ಯಾಂಕ್ ಮತ್ತೆ ನಿರುದ್ಯೋಗಿ.

ಬೆಂಗಳೂರಿಗೆ ಬಂದ

ಹೊರಗಿನಿಂದ ಒಬ್ಬ ಬಂದು ಇಲ್ಲಿ ಏನಾದರೂ ಕಟ್ಟಿ ಹೋಗೋದು ನಮ್ಮ ಜಿಲ್ಲೆಗೆ ಹೊಸದಲ್ಲ. ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ನೋಡದವರು ನಮ್ಮಲ್ಲಿ ಯಾರಿದ್ದಾರ? 1840ರ ದಶಕದಲ್ಲಿ ಬಂದ ಮೆಡೋಸ್ ಟೇಲರ್ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದವನಲ್ಲ, ಆದರೂ ಕೆರೆ, ರಸ್ತೆ ಮಾಡಿಸಿದ. ಅಂಥವರು ಹೋದ ಮೇಲೆ ನಾವು ಅದನ್ನು ಮುಂದುವರಿಸಿದೆವಾ ಅನ್ನೋದೇ ಮುಖ್ಯ ಪ್ರಶ್ನೆ. ಟ್ಯಾಂಕ್ ವಿಷಯದಲ್ಲೂ ಅದೇ ಪ್ರಶ್ನೆ.

ಟೇಲರ್ ಬಂದು ಒಂದು ಶತಮಾನ ಕಳೆದ ಮೇಲೆ, 1956ರಲ್ಲಿ, ನೆಹರೂ ಸರಕಾರದ ಕರೆಯ ಮೇಲೆ ಟ್ಯಾಂಕ್ ತನ್ನ ಕೆಲವು ಜರ್ಮನ್ ಸಂಗಡಿಗರೊಂದಿಗೆ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಬಂದ. ಇವತ್ತು ನಾವು ಎಚ್‌ಎಎಲ್ ಅನ್ನೋದು ಇದನ್ನೇ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರಕಾರದ ಜೊತೆ ಸೇರಿ ಶುರು ಮಾಡಿದ ಕಾರ್ಖಾನೆ ಅದು. ಅಲ್ಲಿನ ಇಂಜಿನಿಯರ್‌ಗಳು ವಿ. ಎಂ. ಘಾಟಗೆ ಅವರ ಮುಂದಾಳತ್ವದಲ್ಲಿ ಎಚ್‌ಟಿ-2 ಎಂಬ ತರಬೇತಿ ವಿಮಾನ ಮಾಡಿದ್ದರು. ಅದು 1951ರಲ್ಲಿ ಹಾರಿತ್ತು. ಪ್ರೊಪೆಲ್ಲರಿನ ಸಣ್ಣ ವಿಮಾನ. ಈಗ ಕೇಳಿದ್ದು ಶಬ್ದದ ಎರಡು ಪಟ್ಟು ವೇಗದ ಹತ್ತಿರ ಹೋಗುವ ಯುದ್ಧವಿಮಾನ! ಸೈಕಲ್ ರಿಪೇರಿ ಕಲಿತವರಿಗೆ ರೇಸ್ ಕಾರ್ ಕಟ್ಟು ಅಂದಂಗಾಯ್ತು.

ಟ್ಯಾಂಕ್ ಮತ್ತೆ ತನ್ನ ಹಳೇ ದಾರಿ ಹಿಡಿದ. ವಿಮಾನದ ಪೂರ್ತಿ ಅಳತೆಯ ಮರದ ಗ್ಲೈಡರ್ ಒಂದನ್ನು ಮೊದಲು ಕಟ್ಟಿಸಿದ. 1959ರಲ್ಲಿ ಡಕೋಟಾ ವಿಮಾನಕ್ಕೆ ಹಗ್ಗ ಕಟ್ಟಿ ಅದನ್ನು ಎಳೆದು ಮೇಲೆ ಬಿಟ್ಟರು. ಹಾಗೆ ಎಪ್ಪತ್ತಕ್ಕೂ ಹೆಚ್ಚು ಸಲ ಹಾರಿಸಿ ರೆಕ್ಕೆ, ಬಾಲ, ನಿಯಂತ್ರಣ ಎಲ್ಲಾ ಪರೀಕ್ಷೆ ಮಾಡಿದರು. ಸಿಮ್ಯುಲೇಷನ್ ಸಾಫ್ಟ್‌ವೇರ್ ಇಲ್ಲದ ಕಾಲದಲ್ಲಿ ಇದೇ ಸಿಮ್ಯುಲೇಷನ್.

1961ರ ಜೂನ್ 17ರಂದು ಟೆಸ್ಟ್ ಪೈಲಟ್ ಸುರಂಜನ್ ದಾಸ್ ಅವರು ಎಚ್‌ಎಫ್-24 ಅನ್ನು ಬೆಂಗಳೂರಿನ ಆಕಾಶಕ್ಕೆ ಎತ್ತಿದರು. ಸೂಜಿಯ ಹಾಗೆ ಮೂಗು, ನಡುವಿನಲ್ಲಿ ಸೊಂಟದ ಹಾಗೆ ಒಳಕ್ಕೆ ಹೋದ ಮೈ. ಶಬ್ದದ ವೇಗದ ಹತ್ತಿರ ಗಾಳಿಯ ತಡೆ ಒಮ್ಮೆಲೇ ಏರ್ತದ, ಅದನ್ನು ಕಡಿಮೆ ಮಾಡೋಕೆ ಆ ಸೊಂಟ. ಭಾರತದಲ್ಲೇ ಡಿಸೈನ್ ಆಗಿ ಉತ್ಪಾದನೆಗೆ ಹೋದ ಮೊದಲ ಜೆಟ್ ಫೈಟರ್ ಇದು. ಇವತ್ತು ಫೋಟೋ ನೋಡಿದರೂ ಹಳೇದು ಅನಿಸೋದಿಲ್ಲ.

ನೂರಕ್ಕೆ ಅರವತ್ತು

ಆದರೆ ಆ ಚೆಂದದ ಮೈಯೊಳಗೆ ಇರಬೇಕಾದ ಇಂಜಿನ್ ಇರಲಿಲ್ಲ.

ಟ್ಯಾಂಕ್ ಈ ವಿಮಾನವನ್ನು ಡಿಸೈನ್ ಮಾಡಿದ್ದು ಬ್ರಿಟನ್ನಿನ ಬ್ರಿಸ್ಟಲ್ ಕಂಪನಿ ಅಭಿವೃದ್ಧಿ ಮಾಡುತ್ತಿದ್ದ ಆರ್ಫಿಯಸ್ 12 ಎಂಬ ಜೆಟ್ ಇಂಜಿನ್ ನಂಬಿಕೊಂಡು. ಆಫ್ಟರ್‌ಬರ್ನರ್ ಹಚ್ಚಿದಾಗ ಒಂದು ಇಂಜಿನ್ 8,170 ಪೌಂಡ್, ಅಂದ್ರೆ ಸುಮಾರು 3,700 ಕೆಜಿ ನೂಕುಬಲ ಕೊಡಬೇಕಿತ್ತು. ಅಂಥವು ಎರಡು. ಆಫ್ಟರ್‌ಬರ್ನರ್ ಅಂದ್ರೆ ಟರ್ಬೈನ್ ದಾಟಿ ಹೊರಗೆ ಹೋಗುವ ಬಿಸಿ ಗಾಳಿಗೆ ಇನ್ನೊಂದು ಸಲ ಇಂಧನ ಸುರಿದು ಬೆಂಕಿ ಹಚ್ಚುವುದು. ಇಂಧನ ಕುಡೀತದ, ಆದ್ರೆ ಬಲ ಒಮ್ಮೆಲೇ ಏರ್ತದ.

ಬ್ರಿಟನ್‌ಗೆ ಆ ಇಂಜಿನ್ ತನಗೇ ಬೇಡವಾಯಿತು. ಅಭಿವೃದ್ಧಿ ಮುಂದುವರಿಯಬೇಕಾದರೆ ಖರ್ಚು ಭಾರತ ಕೊಡಬೇಕು ಅಂತ ಆಯಿತು. ವಿದೇಶಿ ವಿನಿಮಯಕ್ಕೆ ಕಷ್ಟಪಡುತ್ತಿದ್ದ ನಮ್ಮ ಸರಕಾರ ಒಪ್ಪಲಿಲ್ಲ. ಉಳಿದದ್ದು ಆರ್ಫಿಯಸ್ 703. ಅದರ ಅಣ್ಣತಮ್ಮಂದಿರನ್ನು ನ್ಯಾಟ್ ವಿಮಾನಕ್ಕಾಗಿ ಬೆಂಗಳೂರಿನಲ್ಲೇ ಲೈಸೆನ್ಸ್ ಮೇಲೆ ತಯಾರಿಸುತ್ತಿದ್ದರು. ಒಳ್ಳೇ ಇಂಜಿನ್ನೇ, ಆದರೆ ಆಫ್ಟರ್‌ಬರ್ನರ್ ಇಲ್ಲ. ನೂಕುಬಲ 4,850 ಪೌಂಡ್, ಅಂದ್ರೆ ಸುಮಾರು 2,200 ಕೆಜಿ. ಬೇಕಾದದ್ದರಲ್ಲಿ ನೂರಕ್ಕೆ ಅರವತ್ತರಷ್ಟು.

ಪರೀಕ್ಷೆಯಲ್ಲಿ ಅರವತ್ತು ಬಂದ್ರ ಫಸ್ಟ್ ಕ್ಲಾಸ್. ಇಂಜಿನ್‌ನಲ್ಲಿ ಅರವತ್ತು ಬಂದ್ರ ಶಬ್ದದ ಗೋಡೆ ದಾಟೋದಿಲ್ಲ. ಎರಡು ಪಟ್ಟು ಕನಸಿನ ಮರುತ್ ನೆಟ್ಟಗೆ ಹಾರುವಾಗ ಶಬ್ದದ ವೇಗದ ಅಂಚಿಗೆ ಮುಟ್ಟಿ ನಿಂತಿತು. ಅದರ ಮೇಲೆ ನಮ್ಮ ದೇಶದ ಬಿಸಿಲು. ಜೆಟ್ ಇಂಜಿನ್ ಉಸಿರಾಡೋದು ಗಾಳಿ. ಗಾಳಿ ಕಾದಷ್ಟೂ ತೆಳ್ಳಗಾಗ್ತದ, ಇಂಜಿನ್ನಿಗೆ ಸಿಗುವ ಗಾಳಿಯ ತೂಕ ಕಡಿಮೆ ಆಗ್ತದ, ಬಲನೂ ಇಳೀತದ. ಏಪ್ರಿಲ್ ತಿಂಗಳ ಮಧ್ಯಾಹ್ನ ಯಾದಗಿರಿಯಲ್ಲಿ ನಮಗೆ ಹೆಂಗೆ ಆಗ್ತದೋ ಇಂಜಿನ್ನಿಗೂ ಹಂಗೇ. ಬೆಂಗಳೂರಿನಲ್ಲಿ ಬಿಸಿಲು ಕಡಿಮೆ, ಆದ್ರೆ ಊರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ, ಅಲ್ಲಿಯ ಗಾಳಿನೂ ತೆಳುವೇ.

ಊರೂರು ಇಂಜಿನ್ ಹುಡುಕಾಟ

ಆಮೇಲೆ ಶುರುವಾದದ್ದು ಹುಡುಕಾಟ. ಸೋವಿಯತ್ ಒಕ್ಕೂಟದ ಆರ್‌ಡಿ-9 ಇಂಜಿನ್ ನೋಡಿದರು, ಕೂಡಿಬರಲಿಲ್ಲ. ಅತ್ತ ಈಜಿಪ್ಟ್ ತನ್ನದೇ ಫೈಟರ್ ಕಟ್ಟುತ್ತಿತ್ತು. ಅದರ ಡಿಸೈನ್ ಮಾಡಿದ್ದು ಯಾರು ಗೊತ್ತಾ? ಟ್ಯಾಂಕ್‌ನ ಹಳೇ ಪ್ರತಿಸ್ಪರ್ಧಿ ಮೆಸ್ಸರ್‌ಶ್ಮಿಟ್! ಆ ವಿಮಾನಕ್ಕೆ ಆಸ್ಟ್ರಿಯಾದ ಫರ್ಡಿನಾಂಡ್ ಬ್ರಾಂಡ್ನರ್ ಇ-300 ಎಂಬ ಇಂಜಿನ್ ತಯಾರಿಸುತ್ತಿದ್ದ. ಅಂದ್ರೆ ಅಲ್ಲಿ ಇಂಜಿನ್ ಇತ್ತು, ಪರೀಕ್ಷೆಗೆ ವಿಮಾನ ಬೇಕಿತ್ತು. ಇಲ್ಲಿ ವಿಮಾನ ಇತ್ತು, ಇಂಜಿನ್ ಬೇಕಿತ್ತು. ಎರಡು ದೇಶ ಕೈ ಜೋಡಿಸಿದವು. ಮೆಸ್ಸರ್‌ಶ್ಮಿಟ್‌ನ ಈಜಿಪ್ಟ್ ವಿಮಾನವನ್ನು 1964ರಲ್ಲಿ ಮೊದಲು ಹಾರಿಸಿದ್ದೇ ಭಾರತದ ಟೆಸ್ಟ್ ಪೈಲಟ್ ಕಪಿಲ್ ಭಾರ್ಗವ. ನಮ್ಮ ಒಂದು ಮರುತ್ ವಿಮಾನ ಈಜಿಪ್ಟಿಗೆ ಹೋಯಿತು. 1967ರಲ್ಲಿ ಒಂದು ಬದಿ ಆರ್ಫಿಯಸ್, ಇನ್ನೊಂದು ಬದಿ ಇ-300 ಹಾಕಿಕೊಂಡು ಹಾರಿತು. ಅದೇ ವರ್ಷ ಇಸ್ರೇಲ್ ಜೊತೆಗಿನ ಯುದ್ಧದಲ್ಲಿ ಈಜಿಪ್ಟ್ ಸೋತಿತು. 1969ಕ್ಕೆ ಆ ಯೋಜನೆಯೂ ಮುಚ್ಚಿತು.

ಇಷ್ಟರಲ್ಲಿ ದೆಹಲಿಯವರ ಕಣ್ಣು ಸೋವಿಯತ್ ಮಿಗ್-21 ಕಡೆ ತಿರುಗಿತ್ತು. ಇಂಜಿನ್ ಸಮೇತ ರೆಡಿ ವಿಮಾನ ಸಿಗುವಾಗ ಮರುತ್‌ಗೆ ಹೊಸ ಇಂಜಿನ್ ಕಟ್ಟಿಸುವ ಆತುರ ಯಾರಿಗೂ ಉಳಿಯಲಿಲ್ಲ. ಟ್ಯಾಂಕ್ 1967ರಲ್ಲಿ ಬೆಂಗಳೂರು ಬಿಟ್ಟು ಜರ್ಮನಿಗೆ ಹೋದ. 1983ರ ಜೂನ್ 5ರಂದು ಮ್ಯೂನಿಕ್‌ನಲ್ಲಿ ತೀರಿಕೊಂಡ. ಆಗ ಅವನಿಗೆ 85 ವರ್ಷ.

ಸುರಂಜನ್ ದಾಸ್ ರಸ್ತೆ

ಟ್ಯಾಂಕ್ ಹೋದ ಮೇಲೂ ಬೆಂಗಳೂರಿನ ಇಂಜಿನಿಯರ್‌ಗಳು ಕೈ ಬಿಡಲಿಲ್ಲ. ಇದು ನಮಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡ ಭಾಗ. ಬೇರೆ ಇಂಜಿನ್ ಸಿಗದಿದ್ದರೆ ಇರುವ ಆರ್ಫಿಯಸ್‌ಗೇ ಆಫ್ಟರ್‌ಬರ್ನರ್ ಕೂಡಿಸೋಣ ಅಂತ ಬೆಂಗಳೂರಿನ ಜಿಟಿಆರ್‌ಇ, ಅಂದ್ರೆ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಯವರು ಹೊರಟರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇಂಜಿನ್ ಮಾಡಿಫಿಕೇಷನ್. ಬಲ ಏರಿತು ಕೂಡ. ಆದ್ರೆ ಹೊಸ ನಳಿಗೆಗೆ ಜಾಗ ಮಾಡೋಕೆ ವಿಮಾನದ ಹಿಂಭಾಗ ದಪ್ಪ ಆಯಿತು, ಅಲ್ಲಿ ಗಾಳಿಯ ತಡೆ ಹೆಚ್ಚಾಯಿತು. ಒಂದು ಕೈಯಲ್ಲಿ ಗಳಿಸಿದ್ದನ್ನು ಇನ್ನೊಂದು ಕೈಯಲ್ಲಿ ಕಳಕೊಂಡಂಗಾಯ್ತು.

1970ರ ಜನವರಿ 10ರಂದು ಅಂಥ ಒಂದು ವಿಮಾನ ಬೆಂಗಳೂರಿನಲ್ಲಿ ಮೇಲೇಳುವಾಗ ಅಪಘಾತಕ್ಕೀಡಾಯಿತು. ಒಳಗೆ ಇದ್ದವರು ಸುರಂಜನ್ ದಾಸ್. ಮರುತ್ ಅನ್ನು ಮೊದಲ ಸಲ ಹಾರಿಸಿದವರೇ ಅದಕ್ಕೊಂದು ಸರಿಯಾದ ಇಂಜಿನ್ ಕೊಡಿಸುವ ಪ್ರಯತ್ನದಲ್ಲಿ ಜೀವ ಕೊಟ್ಟರು. ಬೆಂಗಳೂರಿನಲ್ಲಿ ಹಳೇ ಏರ್‌ಪೋರ್ಟ್ ರಸ್ತೆಯಿಂದ ಹಳೇ ಮದ್ರಾಸ್ ರಸ್ತೆ ಕಡೆ ಹೋಗುವ ದಾರಿಗೆ ಅವರ ಹೆಸರು ಇಟ್ಟಿದ್ದಾರೆ. ಇಂಟರ್ನ್‌ಶಿಪ್‌ಗೆ, ಇಂಟರ್‌ವ್ಯೂಗೆ ಅಂತ ಹೋಗುವ ನಮ್ಮ ಸೀನಿಯರ್‌ಗಳು ಆ ಬೋರ್ಡ್ ನೋಡಿರ್ತಾರ. ಆ ಹೆಸರು ಯಾರದು ಅಂತ ಈಗ ಗೊತ್ತಾಯ್ತಲ್ಲ.

ಮರುತ್ ಸೋತ ವಿಮಾನ ಅಂತ ಮಾತ್ರ ಹೇಳಬ್ಯಾಡ್ರಿ. ಒಟ್ಟು 147 ವಿಮಾನ ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಮರುಭೂಮಿಯ ಮೇಲೆ ಕೆಳಮಟ್ಟದಲ್ಲಿ ಹಾರಿ ದಾಳಿ ಮಾಡಿದವು. ಒಂದು ಇಂಜಿನ್ ಪೆಟ್ಟು ತಿಂದರೂ ಇನ್ನೊಂದರ ಮೇಲೆ ವಾಪಸ್ ಬಂದ ವಿಮಾನಗಳಿವೆ. ಟ್ಯಾಂಕ್ ಬಯಸಿದ ಗಟ್ಟಿ ಕುದುರೆ ಅದೇ. ಓಟ ಮಾತ್ರ ಕಡಿಮೆ. 1990ರ ಹೊತ್ತಿಗೆ ವಾಯುಪಡೆಯಿಂದ ಪೂರ್ತಿ ನಿವೃತ್ತಿ ಆಯಿತು.

ಹಂಗಾದ್ರ ನಾವು?

ಮರುತ್ ಕಥೆ ಮುಗಿದರೂ ಇಂಜಿನ್ ಕಥೆ ಮುಗಿದಿಲ್ಲ. ಅದೇ ಜಿಟಿಆರ್‌ಇ 1980ರ ದಶಕದ ಕೊನೆಯಲ್ಲಿ ಕಾವೇರಿ ಇಂಜಿನ್ ಕೆಲಸ ಹಿಡಿಯಿತು, ತೇಜಸ್ ವಿಮಾನಕ್ಕಾಗಿ. 2001ರ ಜನವರಿ 4ರಂದು ತೇಜಸ್ ಹಾರಿತು. ಹಾರಿದ್ದು ಅಮೆರಿಕದ ಇಂಜಿನ್ ಮೇಲೆ. 2008ರಲ್ಲಿ ಕಾವೇರಿಯನ್ನು ತೇಜಸ್‌ನಿಂದ ಬೇರೆ ಮಾಡಿದರು. ಮರುತ್‌ನಿಂದ ತೇಜಸ್ ತನಕ ನಲವತ್ತು ವರ್ಷ. ಪ್ರಶ್ನೆ ಅದೇ ಉಳಿದಿದೆ: ಬಾಡಿ ರೆಡಿ, ಇಂಜಿನ್ ಎಲ್ಲಿ?

ಇದಕ್ಕೆ ಯಾರನ್ನಾದರೂ ಬೈದು ಸುಮ್ಮನಾಗೋದು ಸುಲಭ. ಆದ್ರೆ ಕಾರಣ ನೋಡಿದರೆ ಗೊತ್ತಾಗ್ತದ, ಆಕಾರವನ್ನು ಕಣ್ಣಿನಿಂದ ಕಲಿಯಬಹುದು, ಇಂಜಿನ್ ಹಂಗೆ ಕಲಿಯೋಕೆ ಬರೋದಿಲ್ಲ. ಟರ್ಬೈನಿನ ಒಂದು ಬ್ಲೇಡ್ ತನ್ನ ಲೋಹ ಕರಗುವ ಬಿಸಿಗಿಂತಲೂ ಹೆಚ್ಚು ಬಿಸಿಯ ಗಾಳಿಯಲ್ಲಿ ಕೂತು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಬೇಕು. ಆ ಲೋಹದ ಮಿಶ್ರಣ, ಅದನ್ನು ಎರಕ ಹೊಯ್ಯುವ ರೀತಿ, ಬ್ಲೇಡಿನೊಳಗೆ ತಂಪು ಗಾಳಿ ಹರಿಸುವ ಕೂದಲಿನಂಥ ದಾರಿಗಳು, ಇವೆಲ್ಲಾ ವರ್ಷಾನುಗಟ್ಟಲೆ ಒಡೆದು ಕಟ್ಟಿ ಕಲಿತದ್ದು. ಕಲಿತವರು ಯಾರಿಗೂ ಮಾರೋದಿಲ್ಲ. ನಡುವೆ ಒಮ್ಮೆ ಕೆಲಸ ನಿಲ್ಲಿಸಿದರೆ ಕಲಿತ ಕೈಗಳೂ ಚದುರಿ ಹೋಗ್ತವ, ಮತ್ತೆ ಮೊದಲಿನಿಂದ ಶುರು ಮಾಡಬೇಕು. ಮರುತ್ ಆದ ಮೇಲೆ ಆದದ್ದು ಅದೇ.

ನಮ್ಮ ಕ್ಲಾಸಿನಲ್ಲಿ ಮೆಟಲರ್ಜಿ ಪಾಠ ನಡೆಯುವಾಗ ಹಿಂದಿನ ಬೆಂಚು ಪೂರ್ತಿ ಮಲಗಿರ್ತದ. ಥರ್ಮೋಡೈನಮಿಕ್ಸ್ ಅಂದ್ರೆ ಪಾಸ್ ಆದ್ರ ಸಾಕು. ಮನೆಯಲ್ಲಿ ಕೇಳೋದು ಒಂದೇ, ಸಾಫ್ಟ್‌ವೇರ್ ಕೆಲಸ ಸಿಗ್ತದಾ ಅಂತ. ಅದನ್ನು ತಪ್ಪು ಅಂತ ನಾವು ಹೇಳೋದಿಲ್ಲ. ಎರಡು ಎಕರೆ ಹೊಲ ಮಾರಿ ಫೀಸ್ ಕಟ್ಟಿದವರ ಮಕ್ಕಳು ನಮ್ಮ ನಡುವೆ ಇದ್ದಾರ, ಅವರಿಗೆ ನಲವತ್ತು ವರ್ಷ ಕಾದು ಇಂಜಿನ್ ಕಟ್ಟು ಅನ್ನೋಕೆ ನಮಗೆ ಬಾಯಿ ಬರೋದಿಲ್ಲ. ಆದ್ರೆ ಎಲ್ಲರೂ ಹಂಗೇ ಹೋದ್ರ ಇನ್ನೊಂದು ಮರುತ್ ಇನ್ನೊಂದು ನಲವತ್ತು ವರ್ಷ ಇಂಜಿನ್ನಿಗೆ ಕಾಯ್ತದ. ನೂರು ಜನರಲ್ಲಿ ನಾಲ್ಕು ಜನ ಸಾಕು. ಸಣ್ಣದರಿಂದ ಶುರು ಮಾಡಿದರೂ ಆಗ್ತದ. ಆ ಗುಜರಿಯ 800 ಸಿಸಿ ಇಂಜಿನ್ನೇ ತಂದು ಪೂರ್ತಿ ಬಿಚ್ಚಿ, ಪ್ರತಿ ಭಾಗ ಅಳೆದು, ಕಂಪ್ರೆಷನ್ ಯಾಕೆ ಬಿದ್ದದ ಅಂತ ಕಂಡುಹಿಡಿದು, ಮತ್ತೆ ಕಟ್ಟಿ ಓಡಿಸಿ ನೋಡ್ರಿ. ಬಾಡಿ ಆಮೇಲೆ ನೋಡಿಕೊಂಡ್ರಾಯ್ತು.

ಬೆಂಗಳೂರಿಗೆ ಹೋದಾಗ ಎಚ್‌ಎಎಲ್ ಮ್ಯೂಸಿಯಮ್ಮಿನಲ್ಲಿ ನಿಂತಿರುವ ಮರುತ್ ನೋಡಿ ಬರ್ರಿ. ಇನ್ನೊಂದು ಮರುತ್ ಜರ್ಮನಿಯಲ್ಲಿ, ಟ್ಯಾಂಕ್ ತೀರಿಕೊಂಡ ಮ್ಯೂನಿಕ್ ಪಕ್ಕದ ಶ್ಲೈಸ್‌ಹೈಮ್ ಮ್ಯೂಸಿಯಮ್ಮಿನಲ್ಲಿದೆ. ಎಲ್ಲರೂ ಮುಂದೆ ನಿಂತು ಆ ಚೂಪು ಮೂಗಿನ ಜೊತೆ ಫೋಟೋ ತೆಗೆಸಿಕೊಳ್ತಾರ. ನೀವು ಒಂದು ಸಲ ಹಿಂದೆ ಹೋಗಿ, ಇಂಜಿನ್ ಕೂಡುವ ಆ ಎರಡು ತೂತುಗಳನ್ನೂ ಬಗ್ಗಿ ನೋಡ್ರಿ.